ಹನ್ನೆರಡು ಮುಖದ ದತ್ತೂರಿಕಾಯಿ

ನಮ್ಮ ಮನೆಗೆ ಹಾಲು ಬಂದರೆ ಆಯಿ ಮೊದಲು ಅದರಲ್ಲಿ ಬೆರಳದ್ದಿ, ಉಗುರಿನ ಮೇಲೆ ಒಂದು ಹನಿ ನಿಲ್ಲಿಸಿ, ಬಾಗಿಲ ಬೆಳಕಿಗೆ ಹಿಡಿಯುತ್ತಿದ್ದಳು. ಹನಿ ಜಾರಿದರೆ ಹಾಲಿನವನ ಏಳು ತಲೆಮಾರಿನ ಜನ್ಮ ಜಾಲಾಡುತ್ತಿದ್ದಳು. ಜಾರದಿದ್ದರೂ ಅವಳಿಗೆ ಸಮಾಧಾನವಿರಲಿಲ್ಲ; ಇವತ್ತು ಇಷ್ಟು ಗಟ್ಟಿ ಹಾಲು ತಂದಿದ್ದಾನೆ ಎಂದರೆ ನಿನ್ನೆ ಏನೋ ಮಾಡಿರಬೇಕು ಎನ್ನುತ್ತಿದ್ದಳು. ಆಯಿ ಎಂದರೆ ಅಪ್ಪನ ತಾಯಿ. ಅಪ್ಪ ಅವಳಿಗೆ ತಕ್ಕ ಮಗ. ನೂಲಿನ ಚೀಲ ಇಳಿಸಿದ ಕೂಡಲೇ ಒಂದೊಂದೇ ನೂಲಿನ ಉಂಡೆಯನ್ನು ಮೂಗಿಗೆ ಹಿಡಿದು, ತೂಕ ಬರಲೆಂದು ನೀರು ಚಿಮುಕಿಸಿದ್ದಾರೋ ಎಂದು ಮೂಸುತ್ತಿದ್ದ. ನಾನು ಅವರಿಬ್ಬರಿಗೂ ತಕ್ಕವಳು. ಈಗ ಮುಧೋಳದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಮಕ್ಕಳು ಸರಿಯಾದ ಉತ್ತರ ಕೊಟ್ಟರೆ ನನಗೆ ಖುಷಿಗಿಂತ ಮೊದಲು ಅನುಮಾನ ಬರುತ್ತದೆ. ಹೊರಗೆ ಹೋಗುವಾಗ ಬೀಗವನ್ನು ಮೂರು ಸಲ ಜಗ್ಗುತ್ತೇನೆ. ಸಾಕ್ಷಾತ್ ಶಿವ ಬಾಗಿಲಿಗೆ ಬಂದರೂ ನೀನು ಆಧಾರ್ ಕಾರ್ಡು ಕೇಳುತ್ತೀ ಎಂದು ನನ್ನ ಗಂಡ ನಗುತ್ತಾನೆ. ಕೇಳುತ್ತೇನೆ, ಅದರಲ್ಲಿ ತಪ್ಪೇನಿದೆ?

ಬನಹಟ್ಟಿಯ ಆ ಮನೆಯಲ್ಲಿ ಹುಟ್ಟಿದವರು ಬೇರೆ ಥರ ಆಗುವುದು ಕಷ್ಟವಿತ್ತು. ಮುಂದಿನ ಪಡಸಾಲೆಯಲ್ಲಿ ನಾಲ್ಕು ಪವರ್‌ಲೂಮ್. ಅವು ಬೆಳಿಗ್ಗೆ ಶುರುವಾದರೆ ಕರೆಂಟು ಹೋಗುವವರೆಗೆ ನಿಲ್ಲುತ್ತಿರಲಿಲ್ಲ. ಆ ಸದ್ದಿನಲ್ಲಿ ಮಾತು ಕೇಳಿಸುತ್ತಿರಲಿಲ್ಲ, ಬಾಯಿ ಆಡುವುದಷ್ಟೇ ಕಾಣುತ್ತಿತ್ತು. ಅಪ್ಪ ಮಗ್ಗದ ಆ ಕಡೆ ನಿಂತು ಯಾರಿಗೋ ಏನೋ ಹೇಳುತ್ತಿದ್ದಾನೆ. ನಡುಮನೆಯಲ್ಲಿ ಕೂತ ಆಯಿ ಅವನ ತುಟಿ ನೋಡಿ, ತನಗೇ ಬೈದ ಎಂದು ತಿಳಿದು, ಸಂಜೆಯವರೆಗೆ ಮುಖ ಗಂಟಿಕ್ಕಿಕೊಂಡಿರುತ್ತಿದ್ದಳು. ಅವ್ವ ಅಡುಗೆಮನೆಯಲ್ಲಿ ತನ್ನಷ್ಟಕ್ಕೆ ತಾನು ಹಾಡಿಕೊಂಡರೂ ಸೊಸೆ ಶಾಪ ಹಾಕುತ್ತಿದ್ದಾಳೆ ಎಂದಾಗುತ್ತಿತ್ತು. ಕರೆಂಟು ಹೋದರೆ ಮಾತ್ರ ಒಮ್ಮೆಲೇ ಮನೆ ನಿಶ್ಶಬ್ದವಾಗುತ್ತಿತ್ತು. ಆಗ ಎಲ್ಲರೂ ಮಾತು ನಿಲ್ಲಿಸಿಬಿಡುತ್ತಿದ್ದರು. ಆಡಿದ್ದು ಕೇಳಿಸಿಬಿಟ್ಟರೆ ಏನು ಗತಿ ಎಂಬ ಭಯ. ಹೀಗಾಗಿ ನಾನು ಬೆಳೆದ ಮನೆಯಲ್ಲಿ ಸದ್ದಿದ್ದಾಗ ಮಾತು ಕೇಳಿಸಲಿಲ್ಲ, ಸದ್ದಿಲ್ಲದಾಗ ಯಾರೂ ಆಡಲಿಲ್ಲ. ಉಳಿದದ್ದನ್ನೆಲ್ಲ ನಾವು ಊಹಿಸಿಕೊಳ್ಳುತ್ತಿದ್ದೆವು.

ಮನೆಯ ದೊಡ್ಡ ಗುಟ್ಟು ಎಂದರೆ ಸೀರೆ ಅಂಚಿನ ಡಿಜೈನು. ಜಕಾರ್ಡಿನ ಮಗ್ಗದಲ್ಲಿ ಅಂಚಿನ ಹೂವು, ನವಿಲು, ಬಳ್ಳಿ ಎಲ್ಲ ರಟ್ಟಿನ ಕಾರ್ಡುಗಳ ಮೇಲಿನ ತೂತುಗಳಲ್ಲಿರುತ್ತದೆ. ಒಂದೊಂದು ಕಾರ್ಡೂ ಗೇಣಿಗಿಂತ ಉದ್ದ, ನಾಲ್ಕು ಬೆರಳಗಲ. ಅಂಥ ನೂರಾರು ಕಾರ್ಡುಗಳನ್ನು ದಾರದಿಂದ ಸಾಲಾಗಿ ಪೋಣಿಸಿ ಮಗ್ಗದ ಮೇಲೆ ತೂಗುಬಿಡುತ್ತಾರೆ. ಆ ಸಾಲು ಯಾರ ಕೈಗೆ ಸಿಕ್ಕರೂ ಆ ಡಿಜೈನು ಅವರದಾಗುತ್ತದೆ. ಆದ್ದರಿಂದ ಮಗ್ಗದಿಂದ ಇಳಿಸಿದ ಕಟ್ಟುಗಳೂ, ಇನ್ನೂ ಏರಿಸದ ಹೊಸ ಕಟ್ಟುಗಳೂ ಆಯಿಯ ಸಂದೂಕದಲ್ಲಿರುತ್ತಿದ್ದವು. ಕೀಲಿ ಅವಳ ಸೊಂಟದಲ್ಲಿ. ಆಯಿಗೆ ಓದು ಬರುತ್ತಿರಲಿಲ್ಲ. ಅವಳ ಸಲುವಾಗಿ ಅಜ್ಜನ ಕಾಲದಿಂದ ಒಂದು ಪದ್ಧತಿ ಇತ್ತು: ಇನ್ನೂ ನೇಯಬೇಕಾದ ಡಿಜೈನಿನ ಕಟ್ಟಿಗೆ ಹಳದಿ ನೂಲು, ಮುಗಿದುಹೋದ ಡಿಜೈನಿಗೆ ಬಿಳಿ ನೂಲು. ಬಿಳಿ ನೂಲಿನವು ಬಚ್ಚಲ ಒಲೆಗೆ ಹೋಗುತ್ತಿದ್ದವು. ಒಲೆಗೆ ಹಾಕುವುದನ್ನೂ ಆಯಿ ಎದುರು ನಿಂತು ನೋಡುತ್ತಿದ್ದಳು, ಯಾರಾದರೂ ಎತ್ತಿಟ್ಟುಕೊಂಡಾರು ಎಂದು. ಅವು ಒಲೆಗೆ ಹೋಗುವುದು ನಿಂತದ್ದು ಕಾಕಾನಿಂದಾಗಿ.

ಕಾಕಾ ಎಂದರೆ ಅಪ್ಪನ ತಮ್ಮ. ಮಗ್ಗ ಮುಟ್ಟಿದವನಲ್ಲ. ಜಮಖಂಡಿಯ ಕಾಲೇಜೊಂದರಲ್ಲಿ ಗಣಿತದ ಲೆಕ್ಚರರ್, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದ. ಮದುವೆ ಬೇಡವೆಂದು ಅಟ್ಟದ ಕೋಣೆಯಲ್ಲಿ ಇದ್ದ. ಅವನ ಹುಚ್ಚು ಒಂದೇ: ರಟ್ಟಿನಲ್ಲಿ ಬಹುಮುಖ ಘನಗಳನ್ನು ಕಟ್ಟುವುದು. ಅದೂ ಸಾಲೆಯ ಪುಸ್ತಕದಲ್ಲಿರುವ ಸಂಭಾವಿತ ಡಬ್ಬಿಗಳಲ್ಲ. ಮೂಲೆಗಳು ಹೊರಗೆ ಚಾಚಿಕೊಂಡ, ಮುಖಗಳು ಒಂದರೊಳಗೊಂದು ಹಾಯ್ದುಹೋದ ನಕ್ಷತ್ರದ ಥರದವು. ಕಾರ್ಡಿನ ರಟ್ಟು ಅದಕ್ಕೆ ಹೇಳಿ ಮಾಡಿಸಿದಂತಿತ್ತು. ಉದ್ದನೆಯ ಕಾರ್ಡನ್ನು ಚೂಪು ತ್ರಿಕೋನಗಳಾಗಿ ಕತ್ತರಿಸಿ, ಅಂಚು ಮಡಚಿ, ಮೈದಾದ ಅಂಟಿನಿಂದ ಅಂಟಿಸಿ, ಬಣ್ಣದ ಅಂಗಡಿಯಿಂದ ತಂದ ನೂಲಿನ ಬಣ್ಣ ಹಚ್ಚಿ, ಜಂತಿಗೆ ತೂಗುಹಾಕುತ್ತಿದ್ದ. ಗಾಳಿ ಬಂದರೆ ಹತ್ತಿಪ್ಪತ್ತು ಮುಳ್ಳಿನ ಗೋಳಗಳು ಮೆಲ್ಲಗೆ ತಿರುಗುತ್ತಿದ್ದವು. ಓಣಿಯವರು ಅದನ್ನು ಮಾಟ ಎಂದರು. ಕದಡಿದ ನೀರಿನಲ್ಲಿ ಮೀನು ಹಿಡಿಯುವ ಒಬ್ಬ ಸ್ವಾಮಿ ಬಂದು, ಇವನ್ನೆಲ್ಲ ಹೊಳೆಗೆ ಬಿಡಬೇಕು ಎಂದೂ ಹೇಳಿಹೋದ. ಆಯಿ ಆ ಸ್ವಾಮಿಯನ್ನೂ ನಂಬಲಿಲ್ಲವಾದ್ದರಿಂದ ಅವು ಉಳಿದವು. ಆದರೆ ಚೂಪಾದ ಹನ್ನೆರಡು ಮುಳ್ಳಿನ ಒಂದಕ್ಕೆ ದತ್ತೂರಿಕಾಯಿ ಎಂದು ಹೆಸರಿಟ್ಟದ್ದು ಅವಳೇ. ಆಮೇಲೆ ಮನೆಯಲ್ಲಿ ಎಲ್ಲರೂ ಅದನ್ನು ಹಾಗೇ ಕರೆದರು.

ನನಗಾಗ ಹತ್ತು ವರ್ಷ. ಕಾಕಾ ನನ್ನನ್ನು ಕೂರಿಸಿಕೊಂಡು ಒಂದು ಎಳೆ ನೂಲು ಕೈಗೆ ಕೊಡುತ್ತಿದ್ದ. ದತ್ತೂರಿಕಾಯಿಯ ಅಕ್ಕಪಕ್ಕದ ಎರಡು ಮುಳ್ಳಿನ ತುದಿಗೆ ನೂಲು ಎಳೆದು ಹಿಡಿ, ನೂಲು ಹೊರಗಿನ ಗಾಳಿಯಲ್ಲಿ ಹಾಯುತ್ತದೆ, ಹಾಗೆ ಹಾಯ್ದರೆ ಅದು ಉಬ್ಬುಘನವಲ್ಲ ಎನ್ನುತ್ತಿದ್ದ. ನಾನು ಅವನನ್ನು ನಂಬದೆ ಹನ್ನೆರಡೂ ತುದಿಗಳಿಗೆ ನೂಲು ಹಿಡಿದು ನೋಡುತ್ತಿದ್ದೆ. ಅವನಿಗೆ ಬೇಜಾರಿಲ್ಲ. ನಂಬದವರಿಗೇ ಗಣಿತ ಬರುವುದು ಎನ್ನುತ್ತಿದ್ದ. ಅವನು ಮಾತ್ರ ಆ ಮನೆಯಲ್ಲಿ ಎಲ್ಲರನ್ನೂ ನಂಬುತ್ತಿದ್ದ. ಬಸ್ಸಿನಲ್ಲಿ ಯಾರೋ ಅಪರಿಚಿತರ ಚೀಲ ಹಿಡಿದು ಕೂರುತ್ತಿದ್ದ. ಏನು ಕೊಟ್ಟರೂ ತಿನ್ನುತ್ತಿದ್ದ.

"ಇದರ ಮುಖ ಎಷ್ಟು ಹೇಳು," ಎಂದ ಒಂದು ದಿನ.

"ಅರವತ್ತು. ಹನ್ನೆರಡು ಮುಳ್ಳು, ಒಂದೊಂದಕ್ಕ ಐದ ತ್ರಿಕೋನ."

"ಅಲ್ಲ. ಹನ್ನೆರಡ."

"ಸುಳ್ಳ ಹೇಳಾಕತ್ತಿ ಕಾಕಾ. ಕಣ್ಣಿಗೆ ಕಾಣಾಕತ್ತಾವಲ್ಲ ಅರವತ್ತು?"

"ಕಾಣಾಕತ್ತಿದ್ದು ತುಂಡು. ಈ ಮುಳ್ಳ ನೋಡು. ಇದರ ಸುತ್ತ ಐದ ಮುಳ್ಳ ಅದಾವ. ಆ ಐದರಾಗ ಒಂದೊಂದು ಹಸರ ತುಂಡ ಐತಿ. ಆ ಐದೂ ಒಂದ ಹಾಳಿ ಮ್ಯಾಲ ಕೂತಾವ. ಐದೂ ಕೂಡಿ ಒಂದ ಚುಕ್ಕಿ. ಚುಕ್ಕಿ ನಡುವಿಂದು ಈ ಮುಳ್ಳಿನ ಬುಡದಾಗ ಮುಚ್ಚೈತಿ. ಅದಕ್ಕ ನಿನಗ ಬ್ಯಾರೆ ಬ್ಯಾರೆ ಅನಸತೈತಿ."

ನಾನು ಒಂದು ಅಳತೆಪಟ್ಟಿ ತಂದು ಇಟ್ಟು ನೋಡಿದೆ. ಖರೆ ಇತ್ತು. ಹಸಿರು ತುಂಡುಗಳನ್ನು ಎರಡೆರಡಾಗಿ ನೋಡುತ್ತ ಹೋದರೆ ಐದೂ ಪಟ್ಟಿಗೆ ಸಮನಾಗಿ ತಾಗಿದವು. ಹೊರಗೆ ಬೇರೆ ಬೇರೆ ಕಾಣುವವು ಒಳಗಿಂದ ಒಂದೇ ಆಗಿರುತ್ತವೆ ಎಂಬ ಮಾತು ನನ್ನಂಥ ಸಂಶಯದ ಪಿಂಡಕ್ಕೆ ಹಬ್ಬದೂಟ. ಅಲ್ಲಿಂದ ನಾನು ಎಲ್ಲರ ಮುಖದಲ್ಲೂ ತುಂಡುಗಳನ್ನು ಹುಡುಕಿ ಜೋಡಿಸತೊಡಗಿದೆ. ಹಾಲಿನವನು ಬೇಗ ಬಂದದ್ದು, ಆಯಿ ತಂಬಿಗೆ ಮುಚ್ಚಿಟ್ಟದ್ದು, ಅವ್ವ ನನ್ನ ಕಂಡು ಮಾತು ನಿಲ್ಲಿಸಿದ್ದು, ಎಲ್ಲವೂ ಒಂದೇ ಚುಕ್ಕಿಯ ತುಂಡುಗಳು ಎಂದು ಲೆಕ್ಕ ಹಾಕುತ್ತಿದ್ದೆ.

ಪ್ರತಿ ಘನಕ್ಕೂ ಕಾಕಾ ಒಂದು ಜೋಡಿ ಮಾಡುತ್ತಿದ್ದ. ಒಂದರ ಮುಖ ಇದ್ದಲ್ಲಿ ಇನ್ನೊಂದರ ಮೂಲೆ, ಒಂದರ ಮೂಲೆ ಇದ್ದಲ್ಲಿ ಇನ್ನೊಂದರ ಮುಖ. ದತ್ತೂರಿಕಾಯಿಯ ಜೋಡಿ ಒಂದು ಗುಳಿಗುಳಿಯ ಗೋಳ. ಹನ್ನೆರಡು ದೊಡ್ಡ ಪಂಚಕೋನಗಳು ಒಂದರೊಳಗೊಂದು ಹಾಯ್ದು, ಹೊರಗೆ ಮೂರು ಮೂಲೆಯ ಇಪ್ಪತ್ತು ಗುಳಿಗಳಷ್ಟೇ ಕಾಣುತ್ತಿದ್ದವು. ಯಾವ ಮೂಲೆಯಲ್ಲಿ ನಿಂತು ನೋಡಿದರೂ ಒಂದೇ ಥರ ಕಾಣುವ ಘನಗಳೇ ಅವನಿಗೆ ಇಷ್ಟ. ಅಂಥದರ ಜೋಡಿಯಲ್ಲಿ ಮುಖಗಳೆಲ್ಲ ಒಂದೇ ಥರ ಇರುತ್ತವೆ ಎನ್ನುತ್ತಿದ್ದ. ನಮ್ಮ ಮನೆ ಹಾಗಿರಲಿಲ್ಲ. ಆಯಿಯ ಮೂಲೆಯಿಂದ ನೋಡಿದರೆ ಒಂದು ಮನೆ, ಅವ್ವನ ಒಲೆಯ ಮುಂದಿನಿಂದ ನೋಡಿದರೆ ಇನ್ನೊಂದು. ಆಯಿ ಮೆಟ್ಟಿಲ ಬುಡದಲ್ಲಿ ನಿಂತು ಕೂಗುತ್ತಿದ್ದಳು:

"ಲೇ, ನಿನಗೊಂದ ಜೋಡಿ ಹುಡುಕೋದು ಬಿಟ್ಟು ರಟ್ಟಿಗೆ ಜೋಡಿ ಹುಡುಕಾಕತ್ತಿಯಲ್ಲೋ. ಕುಂಡಲಿ ಯಾರು ನೋಡ್ತಾರ ಅದಕ್ಕ?"

"ನೀನಽ ನೋಡಬೇ ಯವ್ವಾ. ಅದಕ್ಕೂ ಮೊದಲ ಒಂದ ಕಟ್ಟ ಹಳೇ ಕಾರ್ಡ ಕೊಡು."

ಬೈಯುತ್ತಲೇ ಅವಳು ಸಂದೂಕ ತೆರೆದು, ಬಿಳಿ ನೂಲಿನ ಕಟ್ಟೊಂದನ್ನು ಕೊಡುತ್ತಿದ್ದಳು. ಕೇಳಿದ ಕೂಡಲೇ ಅವಳು ಏನನ್ನಾದರೂ ಕೊಡುತ್ತಿದ್ದದ್ದು ಆ ಮಗನಿಗೊಬ್ಬನಿಗೇ.

ಆ ವರ್ಷ ಅಪ್ಪ ಒಂದು ಹೊಸ ಅಂಚು ಮಾಡಿಸಿದ್ದ. ನವಿಲಿನ ಬಾಲದೊಳಗೆ ಬಳ್ಳಿ. ಹಬ್ಬದ ಹೊತ್ತಿಗೆ ಮಗ್ಗಕ್ಕೆ ಏರಿಸುವುದು ಎಂದು ಹಳದಿ ನೂಲು ಕಟ್ಟಿ ಸಂದೂಕಕ್ಕೆ ಸೇರಿಸಿದ. ಏರಿಸುವ ದಿನ ಸಂದೂಕ ತೆರೆದರೆ ಕಟ್ಟು ಇಲ್ಲ. ಆಯಿ ಎದೆ ಬಡಿದುಕೊಂಡಳು. ಅಪ್ಪ ಮಗ್ಗ ನಿಲ್ಲಿಸಿದ. ನೂಲಿನ ಚೀಲ, ಹಾಸಿಗೆಯ ಸುರುಳಿ, ಜೋಳದ ಹಗೇವು, ದೇವರ ಜಗುಲಿಯ ಹಿಂದೆ, ಎಲ್ಲ ಕಡೆ ಹುಡುಕಿದರು. ಅದೇ ವಾರ ಪೇಟೆಯಲ್ಲಿ ಬೇರೆಯವರ ಸೀರೆಯೊಂದರ ಮೇಲೆ ನವಿಲು ಬಂತು. ನವಿಲು ಯಾರ ಸೀರೆಯ ಮೇಲಿರುವುದಿಲ್ಲ? ಆದರೆ ಆ ಸೀರೆ ನೇಯ್ದ ಮನೆಯಲ್ಲೇ ಅವ್ವನ ತಮ್ಮ, ನನ್ನ ಮಾಮಾ, ಮಗ್ಗ ರಿಪೇರಿ ಮಾಡುವ ಕೆಲಸಕ್ಕಿದ್ದ. ಆಯಿ ಜಳಕ ಮಾಡುವಾಗ ಕೀಲಿ ಅವ್ವನ ಕೈಗೆ ಸಿಕ್ಕಿರಬೇಕು ಎಂದರು; ಅಷ್ಟು ಸಾಕಾಗಿತ್ತು. ಇನ್ನೊಂದು ತುಂಡು ಸಿಕ್ಕರೆ ಚುಕ್ಕಿ ಪೂರ್ತಿಯಾಗುತ್ತಿತ್ತು. ಆ ತುಂಡು ಕೊಟ್ಟವಳು ನಾನು.

ಅದಕ್ಕೆ ಹದಿನೈದು ದಿನ ಮೊದಲು ಹಿತ್ತಲ ಬಾಗಿಲಲ್ಲಿ ಅವ್ವ ಮಾಮಾನ ಕೈಗೆ ಪೇಪರಿನಲ್ಲಿ ಸುತ್ತಿದ ಒಂದು ಕಟ್ಟು ಕೊಟ್ಟದ್ದನ್ನು ನಾನು ನೀರಿನ ಹಂಡೆಯ ಹಿಂದಿನಿಂದ ನೋಡಿದ್ದೆ. ಮಗ್ಗದ ಸದ್ದಿನಲ್ಲಿ ಮಾತು ಕೇಳಲಿಲ್ಲ. ಅವ್ವ ಸುತ್ತ ನೋಡಿ, ತುಟಿಗೆ ಬೆರಳಿಟ್ಟು, ಅವನನ್ನು ಕಳಿಸಿದಳು. ಆಯಿ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಏನಾದರೂ ಕಂಡೆಯಾ ಎಂದು ಕೇಳಿದಾಗ ಇದನ್ನು ಹೇಳಿದೆ. ಯಾರೂ ನನಗೆ ಹೊಡೆದು ಕೇಳಲಿಲ್ಲ. ಕಂಡುಹಿಡಿದವಳು ನಾನು ಎಂಬ ಹೆಮ್ಮೆಯಿಂದ ಹೇಳಿದೆ. ಅವಳು ನನ್ನ ಹೆಸರು ಹೇಳುವುದಿಲ್ಲವೆಂದು ಮಾತು ಕೊಟ್ಟು, ಒಂದು ಬೆಲ್ಲದ ಚೂರು ಬಾಯಿಗಿಟ್ಟಳು.

ನಮ್ಮಲ್ಲಿ ದೊಡ್ಡ ಆಣೆ ಎಂದರೆ ಮಗ್ಗ ಮುಟ್ಟಿ ಮಾಡುವುದು. ಅನ್ನ ಕೊಡುವುದನ್ನು ಮುಟ್ಟಿ ಸುಳ್ಳು ಹೇಳಿದವರ ಮನೆಯಲ್ಲಿ ಎಳೆ ನಿಲ್ಲುವುದಿಲ್ಲ ಎಂದು ನಂಬಿಕೆ. ಮರುದಿನ ಮಧ್ಯಾಹ್ನ ಆಯಿ ಅವ್ವನನ್ನು ಪಡಸಾಲೆಗೆ ಕರೆಸಿದಳು. ನಾನು ಕಂಬಕ್ಕೆ ಒರಗಿ ನಿಂತಿದ್ದೆ.

"ನಿನ್ನ ತಮ್ಮಗ ಕಟ್ಟ ಕೊಟ್ಟಿದ್ದು ಕಂಡವರದಾರ. ಅಲ್ಲಾ ಅಂದ್ರ ಮಗ್ಗ ಮುಟ್ಟು. ಕಂಡವರು ಸುಳ್ಳ ಹೇಳ್ಯಾರ ಅಂತ ಮುಟ್ಟಿ ಹೇಳು. ನಾ ನಂಬತೀನಿ."

ಅವ್ವ ಒಂದು ಸಲ ತಲೆ ಎತ್ತಿದಳು. "ಕಾರ್ಡ ನಾ ಕೊಟ್ಟಿಲ್ರಿ ಅತ್ಯಾರ. ಮಗ್ಗ ಮಾತ್ರ ಮುಟ್ಟಂಗಿಲ್ಲ."

"ಮುಟ್ಟಾಕೇನು ತ್ರಾಸ?" ಅಪ್ಪ ಕೇಳಿದ. "ಖರೆ ಇದ್ರ ಮುಟ್ಟು."

"ಖರೆ ಇದ್ರೂ ಮುಟ್ಟಂಗಿಲ್ರಿ."

"ಹಂಗಾದ್ರ ಆ ಕಟ್ಟಿನ್ಯಾಗ ಏನಿತ್ತು, ಅದನ್ನರ ಹೇಳು."

"ಅದನ್ನೂ ಈಗ ಹೇಳಂಗಿಲ್ಲ."

ಇಷ್ಟಾದ ಮೇಲೆ ಅಪ್ಪನಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ತಮ್ಮ ಮುಖ್ಯವಾದರೆ ತಮ್ಮನ ಊರಿಗೇ ನಡೆ ಎಂದ. ಮರುದಿನ ಬೆಳಿಗ್ಗೆ ಅವ್ವ ಒಂದು ಚೀಲ ಹಿಡಿದು ತನ್ನ ತವರು ಚಿಕ್ಕಪಡಸಲಗಿಗೆ ಹೊರಟಳು. ಹೊರಡುವ ಮೊದಲು ನನ್ನನ್ನು ಕೂರಿಸಿಕೊಂಡು ತಲೆ ಬಾಚಿ ಹೆಣಲು ಹಾಕಿದಳು, ನಾಲ್ಕು ದಿನ ಬಿಚ್ಚದಿರಲಿ ಎಂಬಷ್ಟು ಬಿಗಿಯಾಗಿ. ಸಾಲಿ ತಪ್ಪಿಸಬೇಡ ಎಂದಳು. ನಾನು ಅವಳ ಮುಖ ನೋಡಲಿಲ್ಲ. ಅವಳು ಕಳ್ಳಿ ಎಂದು ನಾನು ನಂಬಿದ್ದೆ. ಹೆತ್ತ ತಾಯಿಯನ್ನು ಹಾಗೆ ನಂಬಿದ್ದೆ ಎಂದು ಬರೆಯುವಾಗ ಇವತ್ತಿಗೂ ನನ್ನ ಕೈ ನಿಲ್ಲುತ್ತದೆ.

ಅವ್ವ ಹೋದ ಮೇಲೆ ತಿಂಗಳೊಪ್ಪತ್ತು ನಾವು ಆಯಿ ಬಡಿದ ದಪ್ಪ ರೊಟ್ಟಿ ತಿಂದೆವು. ರೊಟ್ಟಿಯ ಒಂದು ಬದಿ ಸುಟ್ಟಿರುತ್ತಿತ್ತು, ಇನ್ನೊಂದು ಬದಿ ಹಸಿ. ಆಯಿ ಅದಕ್ಕೆ ಹಿಟ್ಟಿನ ಗಿರಣಿಯವನನ್ನು ಬೈಯುತ್ತಿದ್ದಳು. ಅಪ್ಪ ಊಟಕ್ಕೆ ಕೂತರೆ ತಲೆ ಎತ್ತುತ್ತಿರಲಿಲ್ಲ. ನಾನು ಸಾಲೆ ಬಿಟ್ಟ ಕೂಡಲೇ ಅಟ್ಟ ಏರುತ್ತಿದ್ದೆ. ಕಾಕಾ ಆಗ ಒಂದು ಪುಟ್ಟ ಘನ ಮಾಡುತ್ತಿದ್ದ. ನಾಲ್ಕು ತ್ರಿಕೋನ, ಮೂರು ಚೌಕ. ಮೂರು ಚೌಕಗಳೂ ಒಂದನ್ನೊಂದು ಕತ್ತರಿಸುತ್ತ ಸರಿಯಾಗಿ ನಟ್ಟನಡುವೆ ಹಾಯುತ್ತಿದ್ದವು. ಇದರ ಜೋಡಿ ಎಲ್ಲಿ ಎಂದು ಕೇಳಿದೆ.

"ಇದರ ಜೋಡಿ ಮನ್ಯಾಗ ಹಿಡಿಯಂಗಿಲ್ಲ," ಎಂದ. "ಜೋಡಿ ಮಾಡಾಕ ಒಂದ ನೇಮ ಐತಿ. ಮುಖ ನಡುವಿಗೆ ಎಷ್ಟ ಸಮೀಪ ಇರತೈತಿ, ಜೋಡಿಯೊಳಗಿನ ಮೂಲಿ ಅಷ್ಟ ದೂರ ಹೋಗತೈತಿ. ಈ ಚೌಕ ನಟ್ಟ ನಡುವ ಅದಾವ. ಹಂಗಾಗಿ ಇದರ ಜೋಡಿ ಮೂಲಿ ಎಲ್ಲೂ ಮುಟ್ಟಂಗಿಲ್ಲ. ಹೋಗಕೋತನಽ ಇರತೈತಿ."

ನನಗೆ ಅವ್ವನ ನೆನಪಾಯಿತು. ಅವಳಿಲ್ಲದೆ ಮನೆಯ ನಡು ಖಾಲಿಯಾಗಿದೆ ಎಂದು ಆಗಲೇ ನನಗೆ ಮೊದಲ ಸಲ ಅನ್ನಿಸಿದ್ದು. ಕೈಯಲ್ಲಿದ್ದ ಘನವನ್ನು ಕೆಳಗಿಟ್ಟೆ. ಕಾಕಾ ಅದನ್ನು ಗಮನಿಸಿ ಮಾತು ತಿರುಗಿಸಲು ದತ್ತೂರಿಕಾಯಿಯನ್ನು ಇಳಿಸಿ ಒಂದು ಲೆಕ್ಕ ಕೊಟ್ಟ. ಮುಖಕ್ಕೆ ಮೂಲೆ ಕೂಡಿಸಿ ಅಂಚು ಕಳೆ ಎಂದ. ಕಂಡದ್ದನ್ನೆಲ್ಲ ಎಣಿಸಿದೆ. ತ್ರಿಕೋನ ಅರವತ್ತು, ತುದಿಯೂ ಬುಡದ ಮೂಲೆಯೂ ಸೇರಿ ಮೂವತ್ತೆರಡು, ಅಂಚು ತೊಂಬತ್ತು. ಉಳಿದದ್ದು ಎರಡು. ಡಬ್ಬಿಗೂ ಎರಡೇ ಬರುತ್ತದೆ, ಪಿರಮಿಡ್ಡಿಗೂ ಎರಡೇ.

"ಸರಿ ಬಂತ ಕಾಕಾ."

"ಕಂಡದ್ದನ್ನ ಎಣಿಸಿದ್ರ ಸುಸೂತ್ರ ಬರತೈತಿ. ಈಗ ಇದ್ದದ್ದನ್ನ ಎಣಿಸು. ಖರೆ ಮುಖ ಹನ್ನೆರಡು. ಖರೆ ಮೂಲಿ ತುದಿ ಅಷ್ಟ, ಹನ್ನೆರಡು. ಉದ್ದನ ಅಂಚು ಮೂವತ್ತು."

"ಮೈನಸ್ ಆರು ಬರತೈತಿ!"

"ಹೌದಲ್ಲ ಮತ್ತ. ಲೆಕ್ಕ ಸರಿ ಬಂತು ಅಂದ ಕೂಡಲೇ ಎಣಿಸಿದ್ದು ಖರೆ ಅಂತ ತಿಳೀಬ್ಯಾಡ."

ಅವನು ಗಣಿತದ ಮಾತನ್ನಷ್ಟೇ ಆಡಿದ್ದ. ನಾನು ಮಾತ್ರ ಅವತ್ತು ಊಟ ಬಿಟ್ಟು ಕೂತು, ಹಿತ್ತಲ ಬಾಗಿಲಲ್ಲಿ ಕಂಡದ್ದನ್ನು ಮತ್ತೆ ಎಣಿಸಿದೆ. ಅವ್ವ, ಮಾಮಾ, ಪೇಪರು, ತುಟಿಯ ಮೇಲಿನ ಬೆರಳು. ಆಮೇಲೆ ಮಾಮಾ ಏನು ಮಾಡಿದ? ಕಟ್ಟನ್ನು ಎರಡು ಮಡಿಕೆ ಮಾಡಿ, ಒತ್ತಿ, ಸೈಕಲ್ಲಿನ ಹ್ಯಾಂಡಲ್ ಚೀಲಕ್ಕೆ ತುರುಕಿದ. ಹೌದು, ಮಡಚಿದ. ನೂರಾರು ರಟ್ಟಿನ ಕಾರ್ಡುಗಳ ಕಟ್ಟು ಮಡಚಲು ಬರುವುದಿಲ್ಲ. ಅದು ಮಂಡಿ ಎತ್ತರದ ಗಟ್ಟಿ ಮೂಟೆ, ನಾನೇ ಎಷ್ಟೋ ಸಲ ಹೊತ್ತಿದ್ದೇನೆ. ಅವ್ವ ಕೊಟ್ಟದ್ದು ಮೆತ್ತನೆಯದು. ಕಾರ್ಡಿನ ಕಟ್ಟು ಮಾಮಾನ ಬಳಿ ಹೋಗಿಲ್ಲ ಎಂದರೆ ಅದು ಇನ್ನೂ ಮನೆಯಲ್ಲೇ ಇದೆ. ಮನೆಯಲ್ಲಿ ಎಲ್ಲ ಕಡೆ ಹುಡುಕಿದ್ದರು, ಒಂದೇ ಒಂದು ಕೋಣೆ ಬಿಟ್ಟು.

ಮರುದಿನ ಮಧ್ಯಾಹ್ನ ಕಾಕಾ ಜಮಖಂಡಿಯಲ್ಲಿದ್ದಾಗ ಅಟ್ಟ ಹತ್ತಿದೆ. ಕಾಕಾನನ್ನು ಸಂಶಯಿಸುವುದು ನನಗೆ ಸಂಕಟವಾಗಿತ್ತು, ಆದರೂ ಹತ್ತಿದೆ. ಪುಸ್ತಕದ ಪೆಟ್ಟಿಗೆಯಲ್ಲಿ ಏನೂ ಇರಲಿಲ್ಲ. ತಲೆ ಎತ್ತಿದರೆ ಜಂತಿಯ ತುಂಬ ರಟ್ಟು. ಎಲ್ಲಕ್ಕೂ ದೊಡ್ಡದು ದತ್ತೂರಿಕಾಯಿ, ಕಟ್ಟಿ ಎರಡು ತಿಂಗಳೂ ಆಗಿರಲಿಲ್ಲ. ಅದನ್ನು ಇಳಿಸಿ, ಹೇರ್‌ಪಿನ್ನಿನಿಂದ ಒಂದು ಮುಳ್ಳಿನ ಬುಡ ಎಬ್ಬಿಸಿದೆ. ಒಳಗಿನ ಬದಿಗೆ ಬಣ್ಣ ಇರಲಿಲ್ಲ. ಮಡಚಿದ ಅಂಚಿನ ಮೇಲೆ ಪೆನ್ಸಿಲ್ಲಿನಲ್ಲಿ ೨೧೭ ಎಂದಿತ್ತು. ಅದರ ಪಕ್ಕದ್ದರಲ್ಲಿ ೨೧೮. ಅಪ್ಪ ಯಾವಾಗಲೂ ಇಂಗ್ಲಿಷ್ ಅಂಕಿ ಬರೆಯುತ್ತಿದ್ದ. ಕನ್ನಡ ಅಂಕಿ ಇದ್ದದ್ದು ಒಂದೇ ಡಿಜೈನಿನ ಮೇಲೆ. ಸಾಲೆಯಲ್ಲಿ ಹೊಸದಾಗಿ ಕಲಿತಿದ್ದೆನೆಂದು ಹಟ ಹಿಡಿದು, ನವಿಲಿನ ಕಾರ್ಡುಗಳಿಗೆ ನಂಬರು ಹಾಕಿದವಳು ನಾನೇ. ನನ್ನ ಡೊಂಕು ಏಳು ನನ್ನನ್ನೇ ನೋಡುತ್ತಿತ್ತು.

ಕಾಕಾ ಸಂಜೆ ಬಂದಾಗ ಆ ಮುಳ್ಳನ್ನು ಅವನ ಕೈಗಿಟ್ಟೆ. ಇದು ನವಿಲಿನ ಕಾರ್ಡು ಎಂದೆ.

"ಇದು ನಿಮ್ಮ ಆಯಿನಽ ಕೊಟ್ಟಿದ್ದು. ಎರಡ ತಿಂಗಳಾತು. ಹಳೇದು ಅಂತ ಕೊಟ್ಲು, ತಗೊಂಡೆ."

"ನೂಲು ಯಾವ ಬಣ್ಣ ಇತ್ತು ಕಾಕಾ?"

ಅವನು ಕಿಟಕಿಯ ಸರಳಿಗೆ ಕಟ್ಟಿದ್ದ ನೂಲನ್ನು ತೋರಿಸಿದ. ಹಳದಿ. ಅದಕ್ಕೊಂದು ಅರ್ಥವಿದೆ ಎಂದು ಮಗ್ಗ ಮುಟ್ಟದ ಅವನಿಗೆ ಗೊತ್ತೇ ಇರಲಿಲ್ಲ. ಅವನು ಅಲ್ಲೇ ತಲೆಯ ಮೇಲೆ ಕೈ ಹೊತ್ತು ಕೂತ. ತನ್ನ ಮೇಲೆ ಹಾಕಿಕೊಳ್ಳುತ್ತೇನೆ, ಆಯಿಯ ಹೆಸರು ಬೇಡ ಎಂದ. ನಾನು ಒಪ್ಪಲಿಲ್ಲ. ಆಯಿ ಬೇಕೆಂದೇ ಮಾಡಿದ್ದಾಳೆ, ಸೊಸೆಯನ್ನು ಹೊರಗೆ ಹಾಕಲು ಮಾಡಿದ್ದಾಳೆ ಎಂಬುದು ನನ್ನ ಹೊಸ ಸಂಶಯ. ಅದನ್ನು ಹಿಡಿದುಕೊಂಡೇ ಮಾರನೆಯ ದಿನ, ಕರೆಂಟು ಹೋಗಿ ಮಗ್ಗ ನಿಂತಿದ್ದಾಗ, ಆಯಿಯ ಮುಂದೆ ಎರಡು ಎಳೆ ನೂಲು ಹಿಡಿದೆ. ಅಪ್ಪ ಅಲ್ಲೇ ಎಣ್ಣೆ ಹಾಕುತ್ತಿದ್ದ.

"ಆಯಿ, ಇದರಾಗ ಹಳದಿ ಯಾವುದು?"

"ಎರಡೂ ಬಿಳೇವು ಅದಾವಲ್ಲಬೇ. ನನ್ನ ಜೋಡಿ ಆಟ ಆಡಾಕತ್ತಿ ಏನ?"

ನನ್ನ ಕೈಯಲ್ಲಿದ್ದ ಎರಡೂ ಎಳೆಗಳನ್ನು ಅಪ್ಪ ನೋಡಿದ. ಒಂದು ಬಿಳಿ, ಒಂದು ಅರಿಶಿನದಂಥ ಹಳದಿ. ಮಗ್ಗದ ಸದ್ದಿದ್ದರೆ ಅವನಿಗೆ ಅವಳ ಮಾತು ಕೇಳುತ್ತಿರಲಿಲ್ಲ. ಆಯಿಗೆ ಆ ಮೌನದಲ್ಲೇ ಗೊತ್ತಾಯಿತು. ಕಾಕಾ ಮೆಟ್ಟಿಲಿಳಿದು ಬಂದು ಮುರಿದ ಮುಳ್ಳನ್ನು ಅವಳ ಮಡಿಲಲ್ಲಿಟ್ಟ. ಅವಳು ಅದರ ತೂತುಗಳನ್ನು ಬೆರಳಿನಿಂದ ಸವರಿದಳು.

"ಕಣ್ಣ ಮಂಜಾಗಿ ಎರಡ ವರ್ಷಾತು," ಎಂದಳು. "ಹೇಳಿದ್ರ ಕೀಲಿ ಕಸಗೋತಿದ್ರಿ."

ಎರಡು ವರ್ಷ ಅವಳು ಉಗುರಿನ ಮೇಲಿನ ಹಾಲಿನ ಹನಿಯನ್ನು ಕಾಣದೆಯೇ ನೋಡುತ್ತಿದ್ದಳು. ಅವಳ ಮೇಲೆ ನನಗಿದ್ದ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು. ಅದಕ್ಕಿಂತ ದೊಡ್ಡ ಸಿಟ್ಟು ನನ್ನ ಮೇಲೆ ಬಂತು.

ಮರುದಿನವೇ ಅಪ್ಪ, ಕಾಕಾ, ನಾನು ಚಿಕ್ಕಪಡಸಲಗಿಗೆ ಹೋದೆವು. ಊರ ಹೊಳೆಯ ಬ್ಯಾರೇಜಿನಲ್ಲಿ ನೀರು ತುಂಬಿತ್ತು. ತವರುಮನೆಯ ಪಡಸಾಲೆಯಲ್ಲಿ ಒಂದು ತೊಟ್ಟಿಲು ಕಟ್ಟಿತ್ತು, ಅದರಲ್ಲಿ ಮಾಮಾನ ಹತ್ತು ದಿನದ ಮಗು. ಮಗುವಿಗೆ ಹೊದಿಸಿದ್ದ ಕೌದಿಯಲ್ಲಿ ಅವ್ವನ ಹಳೆಯ ಇಳಕಲ್ ಸೀರೆಯ ತುಂಡು, ನನ್ನ ಹರಿದ ಲಂಗದ ತುಂಡು ಇದ್ದವು. ಪೇಪರಿನ ಕಟ್ಟಿನ ಗುಟ್ಟು ಅದು. ಮಾಮಾನ ಹೆಂಡತಿಗೆ ಮೂರು ಬಸಿರು ನಿಂತಿರಲಿಲ್ಲ. ಹುಟ್ಟುವ ಮೊದಲು ಕೂಸಿನ ಅರಿವೆಯ ಸುದ್ದಿ ಬಾಯಿಬಿಟ್ಟರೆ ಇದಕ್ಕೂ ಕಣ್ಣು ತಾಗೀತು ಎಂದು ಅವ್ವ ಬಾಯಿ ಮುಚ್ಚಿದ್ದಳು. ಅಪ್ಪ ತೊಟ್ಟಿಲ ಹತ್ತಿರ ಹೋಗಿ ನಿಂತ. ತಪ್ಪಾತು ಎಂದು ತೊಟ್ಟಿಲ ಹಗ್ಗ ನೋಡುತ್ತಲೇ ಹೇಳಿದ. ಅವ್ವ ಎಲ್ಲರಿಗೂ ಚಹಾ ಕೊಟ್ಟು, ಬಟ್ಟಲು ಎತ್ತಿಟ್ಟ ಮೇಲೆ ಹೇಳಿದಳು:

"ಬರ್ತೀನ್ರಿ. ಆದ್ರ ಇನ್ನ ಆ ಮನ್ಯಾಗ ಯಾರಿಗೂ ಮಗ್ಗ ಮುಟ್ಟಸೋದ ಬ್ಯಾಡ."

ಅಪ್ಪ ಆಗಲಿ ಎಂದು ತಲೆಯಾಡಿಸಿದ. ಅವ್ವ ಚೀಲ ತುಂಬಿಕೊಳ್ಳಲು ಒಳಗೆ ಹೋದಳು. ನಾನು ಹಿಂದೆ ಹೋದೆ. ಯಾರೂ ನನ್ನ ಹೆಸರು ಹೇಳಿರಲಿಲ್ಲ. ನಾನು ಸುಮ್ಮನಿದ್ದಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅವಳು ಸೀರೆ ಮಡಚುವುದನ್ನು ನೋಡುತ್ತ ಸುಮ್ಮನಿರಲು ಆಗಲಿಲ್ಲ.

"ಅವ್ವಾ, ಆಯಿಗೆ ಹೇಳಿದಾಕಿ ನಾನು. ಹಂಡೆ ಹಿಂದ ನಿಂತು ನೋಡಿದ್ದೆ."

"ಗೊತ್ತಿತ್ತು."

"ಯಾವಾಗ ಗೊತ್ತಾತು?"

"ಅವತ್ತಽ. ಕಂಡವರದಾರ ಅಂದ್ರಲ್ಲ ನಿಮ್ಮ ಆಯಿ, ನೀ ಕಂಬದ ಹಿಂದ ಸರದಿ."

"ಹಂಗಾದ್ರ ಮಗ್ಗ ಯಾಕ ಮುಟ್ಟಲಿಲ್ಲ? ಕಾರ್ಡ ನೀ ಕೊಟ್ಟಿರಲಿಲ್ಲಲ್ಲ."

ಅವ್ವ ಮಡಚಿದ ಸೀರೆಯನ್ನು ಚೀಲದಲ್ಲಿಟ್ಟು, ಇನ್ನೊಂದನ್ನು ಕೈಗೆತ್ತಿಕೊಂಡಳು.

"ಕಂಡವರು ಸುಳ್ಳ ಹೇಳ್ಯಾರ ಅಂತ ಮುಟ್ಟಬೇಕಿತ್ತು. ನಾ ಮುಟ್ಟಿದ್ರ, ನಿನ್ನ ಕರದು ನಿನ್ನ ಕೈಲೂ ಮುಟ್ಟಸತಿದ್ರು. ನೀ ಕಂಡಿದ್ದು ಖರೆ ಇತ್ತು. ನನ್ನ ಮಗಳನ್ನ ನಾ ಸುಳ್ಳಿ ಮಾಡಲ್ಯಾ?"

ನಾನು ಅಳತೊಡಗಿದೆ. ಅವಳು ಸಮಾಧಾನ ಮಾಡಲಿಲ್ಲ. ಚೀಲದ ಬಾಯಿ ಕಟ್ಟಿ, ಅದನ್ನು ಹೆಗಲಿಗೆ ಹಾಕಿಕೊಂಡು, ಬಾಗಿಲವರೆಗೆ ಹೋಗಿ ನಿಂತಳು.

"ಇನ್ನೊಮ್ಮೆ ಏನರ ಕಂಡ್ರ ಮೊದಲ ನನ್ನ ಕೇಳು," ಎಂದಳು.

ಅಷ್ಟೇ. ಆ ದಿನವೂ ಬೈಯಲಿಲ್ಲ, ಆಮೇಲೂ ಬೈಯಲಿಲ್ಲ. ಒಂದು ಏಟು ಹಾಕಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.